ಕುಂದಗೋಳದಿಂದ ಪುಣೆಗೆ



ಡಿಸೆಂಬರ್ ಮಾಸದಲ್ಲಿ ಪುಣೆಯಲ್ಲಿ ಜರುಗುವ ಸವಾಯಿ ಗಂಧರ್ವ ಸಂಗೀತ ಮಹೋತ್ಸವದ ಹೆಸರನ್ನು ನೀವು ಕೇಳಿರಬಹುದು. ಅದರ ಬೇರು ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿರುವುದೆಂಬುದನ್ನು ಗಡಿಯಾಚೆಯ ಕನ್ನಡಿಗರಾದ ನಾವು ಅರಿತಿರಬೇಕು.

ಕುಂದಗೋಳದ ರಾಮಭಾವು (1886–1952) ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠೀ ರಂಗಭೂಮಿಯಲ್ಲಿ ಹಾಡಿ ‘ಸವಾಯಿ ಗಂಧರ್ವ’ರೆನಿಸಿದರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವರಿಗಿಂತ ಕಾಲುಪಾಲು ಮೇಲೆಂದು ಜನರ ಲೆಕ್ಕ!

ಗದಗಿನ ಬಾಲಕ ಭೀಮಸೇನ ಜೋಶಿ ಗುರುವನ್ನರಸಿ ಮನೆಬಿಟ್ಟು ಉತ್ತರ ಹಿಂದುಸ್ಥಾನವನ್ನೆಲ್ಲ ಅಲೆದನು. ಕೊನೆಗೆ ದೊರೆತ ಗುರು ತನ್ನ ಸೀಮೆಯವರೇ. ಅವರ ಮನೆಯಲ್ಲಿ ನೀರು ಹೊತ್ತು, ಸೇವೆಗೈದು, ವಿದ್ಯೆಯನ್ನು ಸಂಪಾದಿಸಿದನು. ಗಂಗೂಬಾಯಿ ಹಾನಗಲ್ಲರಾದರೋ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಪಾಠ ಹೇಳಿಸಿಕೊಂಡರು. ಶಾಲೆ ದೂರವೆಂದು ಗೊಣಗುವ ಮಕ್ಕಳು ಇತ್ತ ಸ್ವಲ್ಪ ಗಮನವಿಡಲಿ.

ಗುರುಗಳು ಪುಣೆಯಲ್ಲಿ ತೀರಿಕೊಂಡ ಮರುವರ್ಷ, 1953ರಲ್ಲಿ, ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ ಈ ಸ್ಮರಣೋತ್ಸವ ಆರಂಭವಾಯಿತು. ಅದನ್ನು ದಶಕಗಳ ಕಾಲ ಹೆಗಲ ಮೇಲೆ ಹೊತ್ತವರು ಆ ನೀರು ಹೊತ್ತ ಹುಡುಗನೇ. ಗುರುಭಗಿನಿ ಗಂಗೂಬಾಯಿಯವರೂ ಅಲ್ಲಿ ಹಾಡಿದರು. ಭೀಮಸೇನರು 2011ರಲ್ಲಿ ನಿಧನರಾದ ಬಳಿಕ ಉತ್ಸವವು ಗುರುಶಿಷ್ಯರಿಬ್ಬರ ಹೆಸರನ್ನೂ ಧರಿಸಿತು. ಇತ್ತ ಕುಂದಗೋಳದ ನಾಡಗೀರರ ವಾಡೆಯಲ್ಲಿಯೂ ಪುಣ್ಯಸ್ಮರಣೆಯ ಅಹೋರಾತ್ರಿ ಸಂಗೀತ ನಡೆದುಬಂದಿದೆ.

ಪುಣೆಯ ಉತ್ಸವದಲ್ಲೊಂದು ರೂಢಿಯುಂಟು. ಗಾಯಕರೆಲ್ಲ ಹಾಡಿ ಮುಗಿಸಿದ ತರುವಾಯ ಸವಾಯಿ ಗಂಧರ್ವರ ಭೈರವಿಯ ಧ್ವನಿಮುದ್ರಿಕೆಯನ್ನು ಹಾಕುವರು. ಸಹಸ್ರಾರು ಜನ ನಿಶ್ಶಬ್ದವಾಗಿ ಅದನ್ನು ಆಲಿಸಿ ಮನೆಗೆ ತೆರಳುವರು.