ಹಳೆಯ ಹೆಡ್‌ಫೋನು ಸಾಲದೆ, ಹೊಸದು ಬೇಕೆ?

(ಮಧುಗಿರಿಯಲ್ಲಿ ನಾಲ್ಕು ತಾಲ್ಲೂಕುಗಳ ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಕಳೆದ ಸಭೆ ಮುಗಿದು ಜಮಖಾನೆ ಸುತ್ತುತ್ತಿದ್ದಾಗ ಕೊರಟಗೆರೆ ಕಡೆಯ ಅಕ್ಕಿ ಗಿರಣಿಯ ಯುವಕರೊಬ್ಬರು ನಮ್ಮ ಬಳಿ ಬಂದು, "ಮೇಷ್ಟ್ರೇ, ಒಂದು ಮಾತು ಕೇಳಬೇಕು" ಎಂದರು. ಕೂಲಿಯ ಮಾತಿರಬಹುದು ಎಂದುಕೊಂಡೆವು. ಅಲ್ಲ. ಅವರು ಚೀಲದಿಂದ ಹೊರತೆಗೆದದ್ದು ಒಂದು ಹೆಡ್‌ಫೋನು. ಹೊರಗಿನ ಸದ್ದನ್ನು ಅಡಗಿಸುತ್ತದೆ ಎಂದು ಹೇಳಿ ಮಾರುತ್ತಾರಲ್ಲ, ಆ ಜಾತಿಯದು. ಕೊಂಡು ಎರಡು ವರ್ಷವಾಗಿದೆ. ಕಿವಿಯ ಮೇಲೆ ಕೂರುವ ಮೆತ್ತೆ ಒಡೆದಿದೆ, ಮೊದಲಿನಷ್ಟು ಸದ್ದು ಅಡಗುತ್ತಿಲ್ಲ. ಫೋನಿನಲ್ಲಿ ಹೊಸ ಮಾದರಿಯೊಂದನ್ನು ತೋರಿಸಿದರು. ಹನ್ನೆರಡು ತಿಂಗಳ ಕಂತು. "ಇದನ್ನು ಬಿಟ್ಟು ಅದನ್ನು ತೆಗೆದುಕೊಳ್ಳಲೋ ಬೇಡವೋ ಹೇಳಿ" ಎಂದರು.

ಪಕ್ಕದಲ್ಲಿದ್ದ ಹಿರಿಯರು ನಕ್ಕರು. ಹಾಡು ಕೇಳುವ ಶೋಕಿ ಎಂದರು. ನಾವೂ ನಗಬೇಕೆಂದಿದ್ದೆವು. ಆದರೆ ಆ ಯುವಕರು ಇನ್ನೊಂದು ಮಾತು ಹೇಳಿದರು: "ಹಾಡಿಗಲ್ಲ ಮೇಷ್ಟ್ರೇ. ಗಿರಣಿಯ ಸದ್ದು ರಾತ್ರಿ ಮನೆಗೂ ಬರುತ್ತದೆ. ಮಲಗಿದರೂ ಕಿವಿಯೊಳಗೆ ಗುಂಯ್ ಎನ್ನುತ್ತದೆ." ಇಷ್ಟು ಕೇಳಿದ ಮೇಲೆ ನಗುವುದಕ್ಕೆ ಏನೂ ಉಳಿಯಲಿಲ್ಲ. ಆದ್ದರಿಂದ ಈ ದಿನದ ಭಾಷಣಕ್ಕೆ ಅವರ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಈ ಯಂತ್ರ ಮಾಡುವ ಕೆಲಸವೇನೆಂದು ತಿಳಿಯೋಣ. ಸದ್ದೆಂದರೆ ಗಾಳಿಯಲ್ಲಿ ಏಳುವ ಅಲೆ. ಇಬ್ಬರು ಹುಡುಗರು ಒಂದು ಹಗ್ಗದ ಎರಡು ತುದಿ ಹಿಡಿದು ಅಲೆ ಎಬ್ಬಿಸುತ್ತಾರೆನ್ನಿ. ಒಬ್ಬ ಮೇಲಕ್ಕೆ ಎತ್ತಿದಾಗಲೇ ಇನ್ನೊಬ್ಬ ಅಷ್ಟೇ ಬಲದಿಂದ ಕೆಳಕ್ಕೆ ಒತ್ತಿದರೆ, ಎರಡೂ ಅಲೆ ಕೂಡುವ ನಡುವಿನ ಜಾಗ ಅಲುಗದೆ ನಿಲ್ಲುತ್ತದೆ. ಹೆಡ್‌ಫೋನಿನೊಳಗೆ ಸಣ್ಣ ಮೈಕು ಇದೆ. ಅದು ಹೊರಗಿನ ಸದ್ದನ್ನು ಕೇಳಿಸಿಕೊಳ್ಳುತ್ತದೆ, ಒಳಗಿನ ಯಂತ್ರ ಅದರ ವಿರುದ್ಧದ ಅಲೆ ಮಾಡಿ ಕಿವಿಗೆ ಬಿಡುತ್ತದೆ. ಎರಡೂ ಸೇರಿ ಸದ್ದು ತಗ್ಗುತ್ತದೆ. ಜರ್ಮನಿಯ ಪಾಲ್ ಲ್ಯೂಗ್ ಎಂಬವರು ಈ ಉಪಾಯಕ್ಕೆ 1936ರಲ್ಲೇ ಅಮೆರಿಕದ ಪೇಟೆಂಟು ಪಡೆದಿದ್ದರು. ಆಗ ಅದನ್ನು ಬಳಕೆಗೆ ತರುವಷ್ಟು ಚುರುಕಾದ ಉಪಕರಣ ಇರಲಿಲ್ಲ.

ಬಳಕೆಗೆ ತಂದವರಲ್ಲಿ ಮುಖ್ಯರು ಅಮರ ಬೋಸ್. ಅವರ ತಂದೆ ನೋನಿ ಗೋಪಾಲ ಬೋಸ್ ಬ್ರಿಟಿಷರ ವಿರುದ್ಧ ಹೋರಾಡಿ ಸೆರೆ ಕಂಡು, 1920ರಲ್ಲಿ ಬಂಗಾಳದಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು. ಮಗ ಅಲ್ಲಿ ಪ್ರಾಧ್ಯಾಪಕರಾದರು. 1978ರಲ್ಲಿ ಜೂರಿಕ್‌ನಿಂದ ವಿಮಾನದಲ್ಲಿ ಹಿಂತಿರುಗುವಾಗ ಎಂಜಿನಿನ ಮೊರೆತದಲ್ಲಿ ಹೆಡ್‌ಫೋನಿನ ಸಂಗೀತ ಕೇಳಿಸದೆ, ಕುಳಿತಲ್ಲೇ ಲೆಕ್ಕ ಹಾಕತೊಡಗಿದರಂತೆ. ಅವರ ಕಂಪನಿಯ ಹೆಡ್‌ಸೆಟ್ 1989ರಲ್ಲಿ ವಿಮಾನ ಚಾಲಕರಿಗೆ ಬಂತು. ಸಾಮಾನ್ಯರ ಕೈಗೆ ಅಂಥದ್ದು ಬರುವ ಹೊತ್ತಿಗೆ 2000ನೆಯ ಇಸವಿ.

ಇದು ವಿಮಾನದಲ್ಲಿ ಹುಟ್ಟಿದ ವಸ್ತು ಎಂಬುದನ್ನು ಮರೆಯಬೇಡಿ. ವಿಮಾನದ ಸದ್ದು, ಬಸ್ಸಿನ ಎಂಜಿನಿನ ಸದ್ದು, ಫ್ಯಾನಿನ ಸದ್ದು ಎಲ್ಲ ಒಂದೇ ಸಮನೆ ಬರುವ ಮಂದ್ರದ ಮೊರೆತ. ಅದು ಮುಂದೆ ಹೇಗೆ ಬರುತ್ತದೆಂದು ಯಂತ್ರ ಊಹಿಸಬಲ್ಲದು. ಮಗ್ಗದ ಲಾಳಿ ಫಟ್ಟನೆ ಬಡಿಯುವುದನ್ನು, ಜಲ್ಲಿ ಕ್ರಷರಿನಲ್ಲಿ ಕಲ್ಲು ಸಿಡಿಯುವುದನ್ನು, ಜರಡಿಯ ತಗಡು ಕಿರುಗುಟ್ಟುವುದನ್ನು ಅದು ಹಾಗೆ ಹಿಡಿಯಲಾರದು. ಅಂಥ ತಾರದ ಸದ್ದನ್ನು ತಡೆಯುವುದು ಯಂತ್ರವಲ್ಲ, ಕಿವಿಯ ಸುತ್ತ ಕೂರುವ ಮೆತ್ತೆ. ಮೆತ್ತೆ ಒಡೆದು ಗಾಳಿ ನುಗ್ಗಿದರೆ ತಾರದ ಸದ್ದೂ ಬರುತ್ತದೆ, ಮಂದ್ರದ ಸದ್ದನ್ನು ಅಡಗಿಸುವ ಲೆಕ್ಕವೂ ಕೆಡುತ್ತದೆ. ನಮ್ಮ ಮಿತ್ರರ ಹೆಡ್‌ಫೋನಿಗೆ ಬಂದಿರುವ ರೋಗ ಬಹುಮಟ್ಟಿಗೆ ಇದೇ. ಎತ್ತಿನ ಗಾಡಿಯ ಕೀಲೆಣ್ಣೆ ಆರಿತೆಂದು ಯಾರಾದರೂ ಗಾಡಿಯನ್ನೇ ಮಾರುತ್ತಾರೆಯೆ? ಮೆತ್ತೆ ಬೇರೆಯಾಗಿ ಸಿಗುತ್ತದೆ, ಬೆಲೆ ಹೆಡ್‌ಫೋನಿನ ಬೆಲೆಗೆ ಹೋಲಿಸಿದರೆ ಬಲು ಕಡಿಮೆ. ಮಧುಗಿರಿಯಿಂದ ತುಮಕೂರಿಗೆ, ಪಾವಗಡದಿಂದ ತುಮಕೂರಿಗೆ ಬಸ್ಸಿನಲ್ಲಿ ಓಡಾಡುವವರಿಗೆ ಆ ಹಳೆಯ ಹೆಡ್‌ಫೋನು ಸಾಕು.

ಆದರೆ ಅವರು ಅದನ್ನು ಬಸ್ಸಿಗೆ ಮಾತ್ರ ಬಳಸುತ್ತಿಲ್ಲ. ಹಲ್ಲರಿನ ಪಕ್ಕದಲ್ಲಿ ನಿಂತಾಗಲೂ ಹಾಕಿಕೊಳ್ಳುತ್ತಾರೆ, ಗಿರಣಿಯ ಸದ್ದನ್ನು ಮೀರಿಸಲು ಹಾಡನ್ನೂ ಏರಿಸುತ್ತಾರೆ. ಅಲ್ಲಿಗೆ ಕಿವಿಗೆ ಎರಡು ಪೆಟ್ಟು.

ಕಿವಿಯ ಒಳಗೆ ಬಸವನಹುಳುವಿನ ಆಕಾರದ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳು. ಗಾಳಿಗೆ ರಾಗಿಯ ಪೈರು ಬಾಗಿದಂತೆ ಸದ್ದಿಗೆ ಅವು ಬಾಗುತ್ತವೆ. ಅತಿಯಾದರೆ ಮಲಗುತ್ತವೆ; ಸಂಜೆ ಗಿರಣಿಯಿಂದ ಹೊರಬಂದಾಗ ಕಿವಿ ಮಂಕಾಗಿ, ಬೆಳಗಾಗುವಷ್ಟರಲ್ಲಿ ಸರಿಹೋಗುವುದು ಇದರಿಂದ. ದಿನವೂ ಹೀಗಾದರೆ ಕೋಶ ಸಾಯುತ್ತದೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಸಾಯುವುವು 4,000 ಹರ್ಟ್ಸ್ ಆಸುಪಾಸಿನ ತಾರದ ಸದ್ದಿಗೆ ಮೀಸಲಾದ ಕೋಶಗಳು. ಆಗ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. 'ಸ', 'ಶ' ಮೊದಲಾದ ಅಕ್ಷರಗಳು ಜಾರಿಹೋಗುತ್ತವೆ. ನಮ್ಮ ದೊಡ್ಡಪ್ಪನವರು ಕಡಲೆಕಾಯಿ ಎಣ್ಣೆ ಗಿರಣಿಯೊಂದರಲ್ಲಿ ಆಯುಷ್ಯ ಕಳೆದವರು. "ಬೇಕಾದ್ದು ಮಾತ್ರ ಕೇಳಿಸುತ್ತದೆ ಇವರಿಗೆ" ಎಂದು ದೊಡ್ಡಮ್ಮ ಬಯ್ಯುತ್ತಿದ್ದರು. ಮನೆಯವರೆಲ್ಲ ಹಾಗೆಯೇ ನಂಬಿದ್ದೆವು. ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆಯೇ ನಮಗೆ ನಿಜ ತಿಳಿದದ್ದು. ಅಷ್ಟರಲ್ಲಿ ಅವರು ಮಾತಾಡುವುದನ್ನೇ ಬಿಟ್ಟಿದ್ದರು.

ಇದು ಹೊಸ ಸಂಗತಿಯಲ್ಲ. ಇಟಲಿಯ ವೈದ್ಯ ರಮಾಜ್ಜಿನಿ 1713ರಲ್ಲಿಯೇ ವೆನಿಸಿನ ತಾಮ್ರ ಬಡಿಯುವವರು ಕಿವುಡರಾಗುವುದನ್ನು ಬರೆದಿಟ್ಟರು. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯಿದೆಗೆ 1987ರಲ್ಲಿ ತಂದ ತಿದ್ದುಪಡಿಯ ಮೂಲಕ, ಸದ್ದಿನಿಂದ ಬರುವ ಕಿವುಡು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲಿಯೂ ಅದು ಇದೆ. ಸುರಕ್ಷತೆಗೆಂದು ಕೊಟ್ಟ ಯಾವ ವಸ್ತುವಿಗೂ ಕೆಲಸಗಾರನಿಂದ ಹಣ ವಸೂಲು ಮಾಡಬಾರದು ಎಂಬ ಮಾತೂ ಆ ಸಂಹಿತೆಯಲ್ಲಿದೆ. ಹಾಗಿರುವಾಗ ಗಿರಣಿಯ ಸದ್ದನ್ನು ತಡೆಯಲು ನಮ್ಮ ಮಿತ್ರರು ತಮ್ಮ ಕೂಲಿಯಿಂದ ಹನ್ನೆರಡು ಕಂತು ಕಟ್ಟುವುದೇಕೆ?

ಆದರೆ ಒಂದು ತೊಡಕೂ ಇದೆ. ಹಿಂದೆ ವಿದ್ಯುತ್ ಬಳಸುವ ಕಡೆ 10 ಜನ ದುಡಿದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಈಗ 20 ಜನ ಬೇಕು. ಹತ್ತು ಮತ್ತು ಅದಕ್ಕೆ ಮೇಲ್ಪಟ್ಟು ಜನರಿರುವ ಕಡೆ ಮಾಲೀಕರ ಸಾಮಾನ್ಯ ಹೊಣೆ ಇದ್ದೇ ಇದೆ, ಆದರೆ ಕಾರ್ಖಾನೆಯೆಂಬ ಹೆಸರಿನೊಂದಿಗೆ ಬರುವ ಕಟ್ಟುನಿಟ್ಟು ಅಲ್ಲಿಗೆ ತಲುಪದು. ಹತ್ತೊಂಬತ್ತನೆಯವನ ಕಿವಿಗೆ ಈ ಲೆಕ್ಕ ಗೊತ್ತಿಲ್ಲ.

ಸಣ್ಣ ವರ್ತಕ ಮಿತ್ರರೆ, ನಿಮ್ಮ ಮಾತಿಗೆ ಬಂದೆವು. ಶಿರಾದಲ್ಲಾಗಲಿ ಪಾವಗಡದಲ್ಲಾಗಲಿ ಹಿಟ್ಟಿನ ಗಿರಣಿ ಇಟ್ಟವರು ತಾವೇ ಮಾಲೀಕರು, ತಾವೇ ಆಳು. ಬೆಳಗಿನಿಂದ ರಾತ್ರಿಯವರೆಗೆ ಆ ನಾಲ್ಕು ಗೋಡೆಯೊಳಗೆ ನಿಲ್ಲುವವರು. ನಿಮ್ಮನ್ನು ಯಾವ ಸಂಹಿತೆಯೂ ಕೇಳುವುದಿಲ್ಲ. ವೈ.ಎನ್. ಹೊಸಕೋಟೆಯಲ್ಲಿ ಮಗ್ಗದ ಸದ್ದಿನಲ್ಲೇ ಮಕ್ಕಳು ಬೆಳೆಯುತ್ತವೆ. ಕೂಲಿಗಾರ, ಮಾಲೀಕ ಎಂಬ ಜಗಳ ಇಲ್ಲಿ ನಡೆಯದು. ಕಿವಿ ಇಬ್ಬರದೂ ಒಂದೇ.

ಒಂದು ಸುಲಭ ಪರೀಕ್ಷೆ ಹೇಳುತ್ತೇವೆ. ಒಂದು ಮಾರು ಕೂಡ ಬೇಡ, ಕೈ ಚಾಚಿದಷ್ಟು ದೂರದಲ್ಲಿ ನಿಂತವರೊಂದಿಗೆ ಕೂಗಿಯೇ ಮಾತಾಡಬೇಕಾದರೆ ಆ ಜಾಗದ ಸದ್ದು ಕೇಡಿನದು. ಸದ್ದನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಕಾರ್ಖಾನೆಗಳಿಗೆ ಹಾಕಿಕೊಂಡು ಬಂದ ಮಿತಿ ದಿನಕ್ಕೆ 8 ಗಂಟೆಗೆ 90. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆಗೆ 80 ಎನ್ನುತ್ತದೆ. ಹತ್ತೇ ತಾನೆ ವ್ಯತ್ಯಾಸ ಎನ್ನಬೇಡಿ. ಈ ಲೆಕ್ಕದಲ್ಲಿ 3 ಏರಿದರೆ ಸದ್ದಿನ ಶಕ್ತಿ ಇಮ್ಮಡಿ, 10 ಏರಿದರೆ ಹತ್ತುಮಡಿ.

ಸದ್ದನ್ನು ಹುಟ್ಟುವ ಕಡೆಯೇ ತಗ್ಗಿಸುವುದು ಎಲ್ಲಕ್ಕಿಂತ ಲೇಸು. ಸಡಿಲವಾದ ಬೋಲ್ಟು ಬಿಗಿಯಿರಿ, ಸವೆದ ಬೇರಿಂಗು ಬದಲಿಸಿ, ಯಂತ್ರದ ಕಾಲಡಿ ರಬ್ಬರು ಕೊಡಿ, ಡೀಸಲ್ ಎಂಜಿನ್ ಇದ್ದರೆ ಹೊಗೆ ಕೊಳವೆಗೆ ಸೈಲೆನ್ಸರ್ ಹಾಕಿ ಗೋಡೆಯಾಚೆ ಬಿಡಿ. ಇದಕ್ಕೆ ಆಗುವ ಖರ್ಚು ಗಿರಣಿಗೇ ಲಾಭ. ಅದುರುವ ಯಂತ್ರ ಬೇಗ ಸವೆಯುತ್ತದೆಂದು ನಿಮಗೆ ನಾವು ಹೇಳಬೇಕಿಲ್ಲ. ಆ ಮೇಲೂ ಉಳಿದ ಸದ್ದಿಗೆ ಕಿವಿಗೆ ತುರುಕುವ ಸ್ಪಂಜಿನ ಇಯರ್‌ಪ್ಲಗ್ ಇದೆ, ಬೆಲೆ ಕೆಲವೇ ರೂಪಾಯಿ. ಬೆರಳಲ್ಲಿ ಹೊಸೆದು ಸಣ್ಣದು ಮಾಡಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವ ತನಕ ಒತ್ತಿ ಹಿಡಿಯಬೇಕು. ಸುಮ್ಮನೆ ಬಾಯಿಗಿಟ್ಟರೆ ಪ್ರಯೋಜನವಿಲ್ಲ. ಗಟ್ಟಿ ಬಟ್ಟಲಿನಂಥ ಇಯರ್‌ಮಫ್ ಕೆಲವು ನೂರು ರೂಪಾಯಿಗೆ ಬರುತ್ತದೆ. ಎಷ್ಟು ಡೆಸಿಬೆಲ್ ತಡೆಯುತ್ತದೆಂದು ಅಳೆದು ಅದರ ಮೇಲೆ ನಮೂದಿಸಿರುತ್ತಾರೆ. ಹಾಡಿಗೆಂದು ಮಾಡಿದ ಹೆಡ್‌ಫೋನಿಗೆ, ಮೂವತ್ತು ಸಾವಿರದ್ದೇ ಆಗಲಿ, ಸಾಮಾನ್ಯವಾಗಿ ಆ ಅಳತೆ ಇರುವುದಿಲ್ಲ.

ಆದುದರಿಂದ ಯುವಕ ಮಿತ್ರರೆ, ಹೊಸದು ಬೇಡ. ಹಳೆಯದಕ್ಕೆ ಮೆತ್ತೆ ಹಾಕಿಸಿ, ಬಸ್ಸಿನಲ್ಲಿ ಅರ್ಧ ಸದ್ದಿಗಿಟ್ಟು ಹಾಡು ಕೇಳಿ. ಗಿರಣಿಗೆ ಇಯರ್‌ಮಫ್ ಕೊಡಿಸುವಂತೆ ನಿಮ್ಮ ಜತೆಯವರೆಲ್ಲ ಸೇರಿ ಬರೆದುಕೊಡಿ, ನಾವೂ ಜತೆಗೆ ಬರುತ್ತೇವೆ. ಕಂತಿನ ಮೊದಲ ತಿಂಗಳ ಹಣವನ್ನು ತುಮಕೂರಿಗೆ ಹೋಗಿ ಬರುವ ಬಸ್ಸಿಗೆ ಇಡಿ. ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ, ಆ ಚೀಟಿಯನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ. ಮುಂದೆ ಕಿವಿ ಇನ್ನೂ ಕುಂದಿದರೆ, ಇಂದು ಎಷ್ಟಿತ್ತೆಂದು ತೋರಿಸಲು ಅದೊಂದೇ ದಾಖಲೆ. ಹೆಚ್ಚಿನ ತೊಂದರೆ ಇದ್ದವರಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.

ಪರೀಕ್ಷೆಗೆ ಬರುವವರು ಹೆಸರು ಬರೆಸಲು ಬಾಗಿಲ ಬಳಿ ಪುಸ್ತಕ ಇಟ್ಟಿದ್ದೇವೆ. ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರಿಗೆ ಈ ಮಾತು ಕೇಳಿಸಿರಲಾರದು, ಪಕ್ಕದವರು ದಯವಿಟ್ಟು ಹೇಳಬೇಕು.