ಎದುರಿಗಿರುವವರು ಹೊರಗಿನವರಾದಾಗ
(ರಾಣೆಬೆನ್ನೂರಿನಲ್ಲಿ ಮಾಡಿದ ಭಾಷಣದಿಂದ)



ಮೂವರಿರುವಲ್ಲಿ ಒಬ್ಬರನ್ನು ಬಿಟ್ಟು ಇಬ್ಬರು ಪಿಸುಗುಟ್ಟಬಾರದು, ಅದು ಆ ವ್ಯಕ್ತಿಗೆ ದುಃಖ ತರುತ್ತದೆಂದು ಪ್ರವಾದಿಯವರು(ಸ) ಕಲಿಸಿದರು. ಇಂದು ನಾವು ಮೊಬೈಲಿನೊಡನೆ ಪಿಸುಗುಟ್ಟುತ್ತಿದ್ದೇವೆ. ಹೊರಗುಳಿದವರು ಎದುರು ಕುಳಿತ ತಂದೆ ತಾಯಿ. 2003ರ ವರೆಗೆ ಒಳಬರುವ ಕರೆಗೂ ಹಣ ತೆರಬೇಕಿತ್ತು, ಮಾತು ಬೇಗ ಮುಗಿಯುತ್ತಿತ್ತು. 2016ರ ಬಳಿಕ ಇಂಟರ್‌ನೆಟ್ ಅಗ್ಗವಾಯಿತು; ಈಗ ಕರೆಯೂ ಬೇಕಿಲ್ಲ, ಪರದೆಯೇ ಸಾಕು.

ಇಲ್ಲಿನ ಬೀಜ ವ್ಯಾಪಾರಿಗೆ, ಬ್ಯಾಡಗಿಗೆ ಮೆಣಸಿನಕಾಯಿ ಒಯ್ದ ರೈತನಿಗೆ ಕರೆ ಮುಖ್ಯವೇ, ಒಪ್ಪುತ್ತೇವೆ. ಅಂಥ ಕರೆ ಬಂದರೆ ಎದುರಿನವರ ಅನುಮತಿ ಕೇಳಿ, ಹೊರಗೆ ಹೋಗಿ ಮಾತಾಡಿ ಬರೋಣ. ಆದರೆ ಈದ್ ದಿನ ತವರಿಗೆ ಬಂದ ಅಕ್ಕನೆದುರು ಕುಳಿತು ವಾಟ್ಸಾಪ್‌ನಲ್ಲಿ ಊರಿಗೆಲ್ಲ ಶುಭಾಶಯ ಕಳಿಸುವುದು ಯಾವ ವ್ಯಾಪಾರ? ಆಕೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಶೀರ್ ಖುರ್ಮಾದ ಬಟ್ಟಲನ್ನೇ ನೋಡುತ್ತಿರುತ್ತಾಳೆ.