ಹಳೆಯ ಮೋಟಾರು ಗಾಡಿಯ ಮಂದಗತಿ



ಓಡುವ ಮೋಟಾರು ಗಾಡಿಯನ್ನು ಕುರಿತು ಮಾತನಾಡುವವರು ಬಹಳ ಮಂದಿ ಇದ್ದಾರೆ. ನಾನು ಈ ಹೊತ್ತು ನಿಂತಿರುವ ಗಾಡಿಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಗಾಡಿ ನಿಂತಿದೆ; ಆದರೆ ಅದರ ಯಂತ್ರ ನಿಂತಿಲ್ಲ. ಚಾಲಕನು ವೇಗದ ಪೆಡಲಿನಿಂದ ಕಾಲನ್ನು ತೆಗೆದಿದ್ದಾನೆ. ಯಂತ್ರವು ಯಾವ ಹೊರೆಯನ್ನೂ ಎಳೆಯದೆ ತನ್ನ ಪಾಡಿಗೆ ತಾನು ಮೆಲ್ಲಗೆ ತಿರುಗುತ್ತಿದೆ. ಗ್ಯಾರೇಜಿನವರು ಇದನ್ನು ಐಡ್ಲಿಂಗ್ ಎನ್ನುತ್ತಾರೆ. ನಾನು ಮಂದಗತಿ ಎಂದು ಕರೆಯುತ್ತೇನೆ. ಹಳೆಯ ಗಾಡಿಗಳಿಗೆ ಬರುವ ಕಾಯಿಲೆಗಳಲ್ಲಿ ಈ ಮಂದಗತಿಯ ಕಾಯಿಲೆಯಷ್ಟು ಸಾಮಾನ್ಯವಾದುದೂ ಇಲ್ಲ, ಅದರಷ್ಟು ತಪ್ಪು ಚಿಕಿತ್ಸೆಗೆ ಒಳಗಾಗುವುದೂ ಇಲ್ಲ. ಆ ತಪ್ಪು ಚಿಕಿತ್ಸೆಯನ್ನು ಮಾಡಿದವರಲ್ಲಿ ನಾನೂ ಒಬ್ಬನಾದುದರಿಂದ, ಈ ವಿಷಯದಲ್ಲಿ ಮಾತನಾಡಲು ನನಗೆ ಅಷ್ಟರಮಟ್ಟಿಗೆ ಅಧಿಕಾರವುಂಟು.

ನಮ್ಮ ಮನೆ ಪಾಣೆಮಂಗಳೂರಿನ ಬಳಿ, ನೇತ್ರಾವತಿಯ ತೆಂಕಣ ದಡದಲ್ಲಿದೆ. ತಂದೆಯವರು 1978ರಲ್ಲಿ ಕೊಂಡ ಅಂಬಾಸಿಡರ್ ಗಾಡಿ ಈಗಲೂ ನಮ್ಮಲ್ಲಿದೆ. ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1957ರಲ್ಲಿ ಆರಂಭವಾದ ಈ ಗಾಡಿಯ ತಯಾರಿಕೆ 2014ರಲ್ಲಿ ನಿಂತುಹೋಯಿತು. ನಮ್ಮ ಗಾಡಿಯದು 1489 ಸಿಸಿಯ ಹಳೆಯ ಪೆಟ್ರೋಲು ಯಂತ್ರ. ಅದರಲ್ಲಿ ಗಣಕಯಂತ್ರವಿಲ್ಲ, ಪೆಟ್ರೋಲನ್ನು ಅಳೆದು ಕೊಡುವ ಕೆಲಸವೆಲ್ಲ ಕಾರ್ಬೊರೇಟರಿನದು.

ಕೆಲವು ವರ್ಷಗಳ ಹಿಂದೆ, ಆಟಿಯ ಮಳೆ ಹೊಯ್ಯುತ್ತಿದ್ದ ಒಂದು ಸಂಜೆ, ತಾಯಿಯವರಿಗೆ ಉಸಿರಾಟ ಕಷ್ಟವಾಗಿ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಹತ್ತಿರದ ದಾರಿಯೆಂದು ಹಳೆಯ ಸೇತುವೆಯ ಕಡೆಗೆ ತಿರುಗಿದೆನು. ಆ ಸೇತುವೆ ಕಿರಿದು. ಎದುರಿನಿಂದ ವಾಹನಗಳು ಬಂದರೆ ಈಚೆ ನಿಂತು ಕಾಯಬೇಕು. ನಿಂತೊಡನೆ ಯಂತ್ರವು ಎರಡು ಸಲ ನಡುಗಿ ಆರಿಹೋಯಿತು. ಮತ್ತೆ ಹೊರಡಿಸಿದೆ, ಮತ್ತೆ ಆರಿತು. ಮೂರನೆಯ ಸಲಕ್ಕೆ ಬ್ಯಾಟರಿಯೂ ಸೋತಿತು. ಹಿಂದಿನ ಗಾಡಿಗಳವರು ಇಳಿದು ಬಂದು, ಮಳೆಯಲ್ಲಿಯೇ ನೂಕಿದರು. ಹಿಂದಿನ ಆಸನದಿಂದ ಕೇಳುತ್ತಿದ್ದ ಉಸಿರಿನ ಸದ್ದನ್ನು ನಾನು ಇಂದಿಗೂ ಮರೆತಿಲ್ಲ. ದೇವರ ದಯದಿಂದ ನಾವು ಸಕಾಲದಲ್ಲಿ ಆಸ್ಪತ್ರೆಯನ್ನು ಮುಟ್ಟಿದೆವು, ತಾಯಿಯವರು ಗುಣಹೊಂದಿದರು.

ಎರಡು ದಿನಗಳ ಮೇಲೆ ನಾನು ಗಾಡಿಯೊಡನೆ ನಮ್ಮ ಗ್ಯಾರೇಜಿಗೆ ಹೋದೆನು. ಹಿಂದಿನ ತಿಂಗಳು ಗಾಡಿಯ ಕೆಲಸವನ್ನು ಮಾಡಿದ್ದವನು ಅಲ್ಲಿಯ ಒಬ್ಬ ಹುಡುಗ. ಅವನನ್ನು ಹತ್ತು ಜನರ ಎದುರಿಗೆ ನಿಲ್ಲಿಸಿಕೊಂಡು, ಕಾಲೇಜಿನಲ್ಲಿ ಕಲಿತ ಕಠಿನವಾದ ಮಾತುಗಳನ್ನೆಲ್ಲ ಆಡಿದೆನು. ಹುಡುಗನು ತಲೆ ತಗ್ಗಿಸಿ ನಿಂತಿದ್ದನು. ಮುದುಕರಾದ ಮೇಸ್ತ್ರಿಗಳು ನನ್ನ ಮಾತು ಮುಗಿಯುವ ವರೆಗೂ ಸುಮ್ಮನಿದ್ದು, ಆಮೇಲೆ, “ಮಾಸ್ಟ್ರೇ, ಗಾಡಿ ಬಿಟ್ಟು ಹೋಗುವುದು ಬೇಡ. ಇಲ್ಲೇ ಕೂತುಕೊಳ್ಳಿ, ನೀವೂ ನೋಡಿದ ಹಾಗಾಯ್ತು” ಎಂದರು. ಆ ಮುಂಜಾನೆ ಅವರಿಂದ ಕಲಿತ ಪಾಠವೇ ಈ ಭಾಷಣದ ತಿರುಳು.

ಮೊದಲು ಯಂತ್ರದ ಸ್ಥಿತಿಯನ್ನು ತಿಳಿಯೋಣ. ಮಂದಗತಿಯಲ್ಲಿ ಇಂತಹ ಯಂತ್ರವು ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳಿ. ನಾಲ್ಕು ಸಿಲಿಂಡರುಗಳಲ್ಲಿ ಪ್ರತಿಯೊಂದೂ ಎರಡು ಸುತ್ತಿಗೆ ಒಂದು ಸಲ ಉರಿಯುವುದರಿಂದ, ನಿಮಿಷಕ್ಕೆ 1400 ಸಲ ಉರಿತ ನಡೆಯಬೇಕು. ಪ್ರತಿ ಉರಿತಕ್ಕೂ ಪೆಟ್ರೋಲು ಮತ್ತು ಗಾಳಿ ಹದವಾಗಿ ಬೆರೆತಿರಬೇಕು. ತೂಕದಲ್ಲಿ 1 ಕಿಲೋ ಪೆಟ್ರೋಲಿಗೆ ಸುಮಾರು 15 ಕಿಲೋ ಗಾಳಿ ಬೇಕು. ಅಷ್ಟು ಗಾಳಿಯೆಂದರೆ ಒಂದು ಸಣ್ಣ ಕೋಣೆಯನ್ನು ತುಂಬುವಷ್ಟು. ಈ ಗಾಳಿಯ ದಾರಿಯಲ್ಲಿ ಥ್ರಾಟಲ್ ಎಂಬ ತಿರುಗುವ ಬಾಗಿಲೊಂದಿದೆ. ಪೆಡಲನ್ನು ಒತ್ತಿದರೆ ಅದು ತೆರೆಯುತ್ತದೆ; ಕಾಲು ತೆಗೆದರೆ ಕೂದಲೆಳೆಯಷ್ಟು ಸಂದನ್ನು ಬಿಟ್ಟು ಮುಚ್ಚಿಕೊಳ್ಳುತ್ತದೆ.

ಬಾಗಿಲು ಹೀಗೆ ಮುಚ್ಚಿಕೊಂಡಾಗ ಅದರ ಆಚೆಯ ಕೊಳವೆಯಲ್ಲಿ ಯಂತ್ರದ ಹೀರುವಿಕೆ ಅತ್ಯಂತ ಬಲವಾಗಿರುತ್ತದೆ. ಒಳಗೆ ಹೋಗುವ ಗಾಳಿ ಮಾತ್ರ ಅತ್ಯಲ್ಪ. ಆಗ ಎಲ್ಲಿಯಾದರೂ ಒಂದು ಬಿರುಕಿದ್ದರೆ, ಅಲ್ಲಿಂದ ನುಗ್ಗುವ ಕಳ್ಳಗಾಳಿ ಒಟ್ಟು ಗಾಳಿಯಲ್ಲಿ ದೊಡ್ಡ ಪಾಲಾಗಿ ಮಿಶ್ರಣದ ಹದವನ್ನು ಕೆಡಿಸುತ್ತದೆ. ಅದೇ ಬಿರುಕು ಗಾಡಿ ವೇಗವಾಗಿ ಓಡುವಾಗ, ಹೊಳೆಗೆ ಬಂದು ಸೇರುವ ಸಣ್ಣ ತೋಡಿನಂತೆ, ಲೆಕ್ಕಕ್ಕೇ ಬಾರದು. ಕಲ್ಲಡ್ಕ, ಮಾಣಿಗಳ ದಾರಿಯಲ್ಲಿ ಚೆನ್ನಾಗಿ ಓಡಿದ ಗಾಡಿ ಸೇತುವೆಯ ಬಳಿ ನಿಂತೊಡನೆ ಆರಿಹೋದುದರ ರಹಸ್ಯವಿದೇ.

ಮೇಸ್ತ್ರಿಗಳು ಕೂಡಲೆ ಉಳಿ, ತಿರುಪುಳಿಗಳನ್ನು ಕೈಗೆತ್ತಿಕೊಳ್ಳಲಿಲ್ಲ. ಮೊದಲು ಯಂತ್ರವನ್ನು ಚೆನ್ನಾಗಿ ಕಾಯಿಸಿ, ಚೋಕು ಪೂರ್ತಿ ತೆರೆದಿದೆಯೇ ಎಂದು ನೋಡಿದರು. ಆಮೇಲೆ ಹೊಗೆಯ ಕೊಳವೆಯ ಬಳಿ ನಿಂತು ಕಿವಿಗೊಟ್ಟರು. ಒಂದೇ ಅಂತರದಲ್ಲಿ ಉರಿತ ತಪ್ಪುತ್ತಿದ್ದರೆ ಒಂದು ಸಿಲಿಂಡರಿನ ಪ್ಲಗ್ಗು, ತಂತಿ ಅಥವಾ ಕವಾಟದ ದೋಷವಿರಬಹುದು. ಕಪ್ಪು ಹೊಗೆಯೂ ಪೆಟ್ರೋಲಿನ ವಾಸನೆಯೂ ಇದ್ದರೆ ಪೆಟ್ರೋಲು ಹೆಚ್ಚಾಗಿದೆ. ಯಂತ್ರದ ಸದ್ದು ಏರುತ್ತ ಇಳಿಯುತ್ತ ಇದ್ದರೆ ಗಾಳಿ ಹೆಚ್ಚಾಗಿರುವ ಸಂಭವ ಬಹಳ. ನಮ್ಮ ಗಾಡಿಯದು ಈ ಮೂರನೆಯ ಜಾತಿ.

ಆದರೂ ಅವರು ಕ್ರಮವನ್ನು ಬಿಡಲಿಲ್ಲ. ಮೊದಲು ಕಿಡಿಯ ಪರೀಕ್ಷೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂಡುತ್ತದೆ. ಅದನ್ನು ಒಣಬಟ್ಟೆಯಿಂದ ಒರಸಿದರು. ಪಾಯಿಂಟುಗಳ ಅಂತರ ಅಂಗುಲದ ಸಾವಿರದಲ್ಲಿ 15 ಭಾಗ, ಪ್ಲಗ್ಗಿನ ಅಂತರ 25 ಭಾಗ ಇರುವುದನ್ನು ಅಳತೆಯ ತಗಡಿನಿಂದ ನೋಡಿದರು. ಎರಡನೆಯದು ಟ್ಯಾಪೆಟ್ಟುಗಳ ಪರೀಕ್ಷೆ; ಅಲ್ಲಿಯೂ ಅಂತರ 15 ಭಾಗವೇ. ಹುಡುಗನು ಮಾಡಿದ್ದ ಈ ಕೆಲಸವೆಲ್ಲ ಸರಿಯಾಗಿಯೇ ಇತ್ತು. ನನ್ನ ಮುಖ ಸ್ವಲ್ಪ ಸಪ್ಪಗಾಯಿತು.

ಮೂರನೆಯದು ಕಳ್ಳಗಾಳಿಯ ಶೋಧನೆ. ಎಣ್ಣೆಯ ಕುಪ್ಪಿಯಿಂದ ಕಾರ್ಬೊರೇಟರಿನ ಬುಡಕ್ಕೆ, ಕೊಳವೆಗಳ ಸಂದುಗಳಿಗೆ ಒಂದೊಂದಾಗಿ ನಾಲ್ಕಾರು ಹನಿ ಎಣ್ಣೆಯನ್ನು ಬಿಟ್ಟರು. ಬಿರುಕಿರುವ ಕಡೆ ಎಣ್ಣೆ ಒಳಕ್ಕೆ ಹೀರಲ್ಪಟ್ಟು, ಗಾಳಿ ಕ್ಷಣಕಾಲ ತಡೆದು, ಯಂತ್ರದ ಸದ್ದು ಬದಲಾಗುತ್ತದೆ. ಸೋಪಿನ ನೀರಿನಿಂದಲೂ ಇದನ್ನು ಮಾಡಬಹುದು. ಪೆಟ್ರೋಲನ್ನು ಮಾತ್ರ ಸುರಿಯಬಾರದು. ಕಾದ ಯಂತ್ರದ ಮೇಲೆ ಅದು ಬೆಂಕಿಗೆ ದಾರಿ. ಕಾರ್ಬೊರೇಟರಿನ ಬುಡಕ್ಕೆ ಎಣ್ಣೆ ಬಿದ್ದೊಡನೆ ನಡುಕ ನಿಂತು ಯಂತ್ರ ಸಮನಾಗಿ ತಿರುಗಿತು. ಎರಡು ನಿಮಿಷದಲ್ಲಿ ಮತ್ತೆ ನಡುಗತೊಡಗಿತು.

ಕಾರ್ಬೊರೇಟರನ್ನು ಬಿಚ್ಚಿ ಅದರ ಬುಡವನ್ನು ಕನ್ನಡಿಯ ಗಾಜಿನ ಮೇಲಿಟ್ಟಾಗ, ಮಧ್ಯದಲ್ಲಿ ಬೆಳಕು ಕಾಣಿಸುವಷ್ಟು ಅದು ಬಾಗಿತ್ತು. “ಇದನ್ನು ಯಾರೋ ಉದ್ದದ ಸ್ಪ್ಯಾನರಿನಲ್ಲಿ ಬಿಗಿದಿದ್ದಾರೆ ಮಾಸ್ಟ್ರೇ” ಎಂದರು ಮೇಸ್ತ್ರಿಗಳು. ಬಿಗಿದವನು ನಾನೇ. ಪುಸ್ತಕವನ್ನು ಓದಿ, ಎರಡು ನಟ್ಟುಗಳು ಸಡಿಲವಾಗಿವೆಯೆಂದು ಭಾವಿಸಿ, ಮನೆಯಲ್ಲಿ ಬಲವಾಗಿ ಬಿಗಿದಿದ್ದೆನು. ಮೆದುಲೋಹದ ಬುಡ ಬಾಗಿತು, ಪ್ಯಾಕಿಂಗು ಕೂಡಲಿಲ್ಲ, ಗಾಳಿ ನುಗ್ಗಿತು. ಯಂತ್ರ ನಡುಗಿದಾಗಲೆಲ್ಲ ವೇಗದ ತಿರುಪನ್ನು ಇನ್ನಷ್ಟು ಒಳಕ್ಕೆ ತಿರುಗಿಸಿ, ಗುಣವಾಯಿತೆಂದು ಸಂತೋಷಪಡುತ್ತಿದ್ದೆನು. ಅದರಿಂದ ಕಾಯಿಲೆ ಮರೆಯಾಗುತ್ತಿತ್ತು, ವಾಸಿಯಾಗುತ್ತಿರಲಿಲ್ಲ. ಪೆಟ್ರೋಲಿನ ಪಾಲು ಬಹುಕಾಲ ಕಡಮೆಯಾಗಿಯೇ ಉಳಿದರೆ ಕವಾಟಗಳು ಅತಿಯಾಗಿ ಕಾದು ಸುಡುವ ಭಯವೂ ಉಂಟು.

ಮೇಸ್ತ್ರಿಗಳು ಗಾಜಿನ ಮೇಲೆ ಎಮರಿ ಕಾಗದವನ್ನು ಹಾಸಿ, ಬುಡವನ್ನು ಸಮನಾಗುವಂತೆ ಉಜ್ಜಿಸಿದರು. ಆ ಹುಡುಗನೇ ಉಜ್ಜಿದನು. ಪೈಲಟ್ ಜೆಟ್ಟನ್ನು ಗಾಳಿಯಿಂದ ಊದಿ ಶುದ್ಧಮಾಡಿದರು. ತಂತಿಯನ್ನು ತೂರಿಸಿದರೆ ರಂಧ್ರ ದೊಡ್ಡದಾಗಿ ಅಳತೆ ಕೆಡುವುದೆಂದರು. ಹೊಸ ಪ್ಯಾಕಿಂಗನ್ನಿಟ್ಟು, ನಟ್ಟುಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವಾಗಿ ಬಿಗಿದರು. ತಿರುಪುಗಳ ಸರದಿ ಬಂದುದು ಕಟ್ಟಕಡೆಗೆ. ಮಿಶ್ರಣದ ತಿರುಪನ್ನು ಮೆತ್ತಗೆ ಕೊನೆಯ ವರೆಗೆ ಒಳಕ್ಕೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತಂದು ಯಂತ್ರವನ್ನು ಹೊರಡಿಸಿದರು. ಅದನ್ನು ಅತ್ತಿತ್ತ ತಿರುಗಿಸುತ್ತ, ಯಂತ್ರ ಅತ್ಯಂತ ಸಮನಾಗಿಯೂ ಚುರುಕಾಗಿಯೂ ತಿರುಗುವ ಸ್ಥಳದಲ್ಲಿ ನಿಲ್ಲಿಸಿ, ವೇಗದ ತಿರುಪಿನಿಂದ ಗತಿಯನ್ನು ಇಳಿಸಿದರು. ಈ ಕ್ರಮವನ್ನು ಎರಡು ಸಲ ನಡೆಸಿದಾಗ ಯಂತ್ರವು ನೆಮ್ಮದಿಯಿಂದ ತಿರುಗಿತು.

ಹಳೆಯ ಗಾಡಿಗಳನ್ನು ಇಟ್ಟುಕೊಂಡಿರುವವರಿಗೆ ಇನ್ನೆರಡು ಮಾತುಗಳು. ಪೆಟ್ರೋಲಿಗೆ ಇಥೆನಾಲ್ ಎಂಬ ಮದ್ಯಸಾರವನ್ನು ಬೆರೆಸುವ ಪ್ರಮಾಣ 2025ರ ವೇಳೆಗೆ ನಮ್ಮ ದೇಶದಲ್ಲಿ ನೂರಕ್ಕೆ 20ರಷ್ಟಾಯಿತು. ಅದು ನೀರನ್ನು ಹೀರುತ್ತದೆ. ಹಳೆಯ ರಬ್ಬರನ್ನು ಕೆಡಿಸುತ್ತದೆ. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರಿನಲ್ಲಿ ಮಿಶ್ರಣವನ್ನು ತುಸು ತೆಳುವಾಗಿಸುತ್ತದೆ. ಆದುದರಿಂದ ಹಳೆಯ ಕೊಳವೆಗಳನ್ನು ಬದಲಾಯಿಸಿರಿ. ಮಳೆಗಾಲವಿಡೀ ಗಾಡಿಯನ್ನು ಕದಲಿಸದೆ ಇಡಬೇಡಿರಿ. ಎರಡನೆಯದಾಗಿ, ಇಂತಹ ಪರೀಕ್ಷೆಯನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ಮಾಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯಬಲ್ಲುದು.

ಕೆಲಸ ಮುಗಿದ ಮೇಲೆ ನಾನು ಆ ಹುಡುಗನ ಕ್ಷಮೆಯನ್ನು ಕೇಳಿದೆನು. ಬೈದುದು ಹತ್ತು ಜನರ ಎದುರಿಗೆ. ಕ್ಷಮೆ ಕೇಳಿದಾಗ ಅಲ್ಲಿದ್ದವರು ಮೂವರೇ. ಆ ಬಾಕಿ ನನ್ನ ಮೇಲೆ ಉಳಿದಿದೆ. ಇಂದು ಇಷ್ಟು ಮಂದಿ ಶ್ರೋತೃಗಳ ಮುಂದೆ ಇದನ್ನು ಹೇಳಿಕೊಂಡುದರಲ್ಲಿ ಅದರ ಒಂದು ಭಾಗವಾದರೂ ಸಂದಿತೆಂದು ಭಾವಿಸುತ್ತೇನೆ. ನಿಮ್ಮ ಗಾಡಿ ನಿಂತಲ್ಲಿ ನಡುಗಿದರೆ, ತಿರುಪಿಗೆ ಕೈಹಾಕುವ ಮೊದಲು ಕಿವಿಗೊಟ್ಟು ಕೇಳಿರಿ. ಕಾರಣ ತಿಳಿಯುವ ವರೆಗೆ ಯಾರನ್ನೂ ದೂರಬೇಡಿರಿ.